ಜುಂಜಣ್ಣ ಮನೆ ಫೋಟೋ ತೆಗೆದದ್ದು

ಕೂತ್ಕೊಳ್ಳಿ, ಹೇಳ್ತೀನಿ. ನಗು ಬಂದರೆ ನಗಿ, ಬೇಡ ಅನ್ನಲ್ಲ. ಆದರೆ ಆ ತಾಯಿ ಮುಖ ಒಂದ್ಸಲ ನೆನೆಸ್ಕೊಂಡು ನಗಿ.

ಸಿರಾದಲ್ಲಿ ಚಿತ್ತಮ್ಮ ಅಂತ ಒಬ್ಬ ತಾಯಿ, ಜುಂಜಣ್ಣ ಅಂತ ಅವಳಿಗೊಬ್ಬನೇ ಮಗ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಬಂದಿರಲಿಲ್ಲ. "ಅಂಗಡಿ ತೆಗೆದವ್ರಾ ನೋಡ್ಕೊಂಡು ಬಾರೋ, ಉಪ್ಪು ಮುಗಿದೈತೆ" ಅಂದರೆ ನೋಡ್ಕೊಂಡು ಬರೋನು. "ತೆಗೆದವ್ರೆ ಕಣವ್ವಾ" ಅನ್ನೋನು. ಕೈಯಲ್ಲಿ ಉಪ್ಪಿಲ್ಲ!

ಚಿತ್ತಮ್ಮನಿಗೆ ಮಂಡಿ ನೋವು. ವಯಸ್ಸೂ ಆಗಿತ್ತು. ನಾನು ಕಣ್ಮುಚ್ಚಿದರೆ ಇವನಿಗೆ ಅನ್ನ ಹಾಕೋರು ಯಾರು, ಅದೊಂದೇ ಚಿಂತೆ ಅವಳಿಗೆ. ಹಿರಿಯೂರಿನಲ್ಲಿ ತಂಗಿ ಸಾಕಮ್ಮ ಇದ್ದಳು. ಅವಳ ಮನೆ ಪಕ್ಕದಲ್ಲೇ ಒಂದು ಪುಟ್ಟ ಮನೆ ಮಾರಾಟಕ್ಕಿತ್ತು. ಸಿರಾದ ಮನೆ ಮಾರಿ ಅದನ್ನ ಕೊಂಡರೆ ಮಗನಿಗೆ ಚಿಕ್ಕಮ್ಮನ ಆಸರೆ ಆಗುತ್ತೆ, ನಾನು ನಿಶ್ಚಿಂತೆಯಿಂದ ಸಾಯಬಹುದು ಅಂತ ಅವಳ ಲೆಕ್ಕ.

ಬ್ರೋಕರ್ ಲೋಕಪ್ಪ ಬಂದ. "ಚಿತ್ತಕ್ಕ, ಈಗ ಮನೆ ನೋಡೋಕೆ ಯಾರೂ ಬರಲ್ಲ. ಮೊದಲು ಮೊಬೈಲಲ್ಲಿ ಫೋಟೋ ನೋಡ್ತಾರೆ, ಹಿಡಿಸಿದರೆ ಬರ್ತಾರೆ. ನಿಮ್ಮ ಹುಡುಗನ ಹತ್ರ ಫೋನಿದೆಯಲ್ಲ, ತೆಗೆದು ಕಳಿಸಲಿ" ಅಂದ.

ಚಿತ್ತಮ್ಮ ಮಗನ್ನ ಕರೆದಳು. "ಮಗಾ, ಮನೆ ಫೋಟೋ ತೆಗಿ. ಒಂದು ಮೂಲೆನೂ ಬಿಡಬೇಡ!"

"ಹಂಗೇ ಆಗಲಿ ಕಣವ್ವಾ!"

ತೆಗೆದ. ಮೂಲೆ ತೆಗೆದ! ಪೊರಕೆ ಇಟ್ಟ ಮೂಲೆ, ಜೇಡ ಬಲೆ ಕಟ್ಟಿದ ಮೂಲೆ, ಇಲಿ ತೋಡಿದ ಮೂಲೆ. ಬಾಗಿಲಿಲ್ಲ, ಕಿಟಕಿಯಿಲ್ಲ, ಬರೀ ಮೂಲೆ. ಕಳಿಸಿದ್ದನ್ನ ಲೋಕಪ್ಪ ನೋಡದೇ ನೆಟ್ಟಲ್ಲಿ ಹಾಕಿಬಿಟ್ಟ. ನೋಡಿದವರು ಫೋನ್ ಮಾಡಿ, "ಏನ್ರೀ, ಇಲಿ ಬಿಲ ಮಾರ್ತಾ ಇದೀರಾ?" ಅಂತ ಉಗಿದರು.

ಲೋಕಪ್ಪ ಓಡಿ ಬಂದ. "ಲೋ ಪೆದ್ದ! ಇಂಥದ್ದೆಲ್ಲ ತೋರಿಸ್ತಾರೇನೋ? ಕೆಟ್ಟದ್ದನ್ನೆಲ್ಲ ಮುಚ್ಚಿ ಫೋಟೋ ತೆಗೀಬೇಕು!"

"ಹಂಗೇ ಆಗಲಿ ಕಣಣ್ಣಾ!"

ಮುಚ್ಚಿದ. ಗೋಡೆ ಬಿರುಕಿಗೆ ದುಪ್ಪಟಿ ಮುಚ್ಚಿದ. ತೇವ ಹಿಡಿದ ಗೋಡೆಗೆ ಅವ್ವನ ಸೀರೆ ಮುಚ್ಚಿದ. ಹೊಗೆ ಹಿಡಿದ ಅಡಿಗೆಮನೆಗೆ ಕಂಬಳಿ ಮುಚ್ಚಿದ, ಸೋರೋ ನಲ್ಲಿಗೆ ದಿಂಬಿನ ಚೀಲ ಹಾಕಿದ. ಹಳೇ ಮನೆ ನೋಡಿ, ಮುಚ್ಚಬೇಕಾದ್ದೇ ಜಾಸ್ತಿ. ಆಮೇಲೆ ಫೋಟೋ ತೆಗೆದ. ನೋಡಿದವರು, "ಸೀರೆ ಏನ್ ರೇಟು?" ಅಂತ ಕೇಳಿದರು.

ಲೋಕಪ್ಪ ಮತ್ತೆ ಬಂದ, ಹಣೆ ಹಣೆ ಬಡ್ಕೊಂಡ. "ಬಟ್ಟೆ ಯಾಕೋ ತೋರಿಸ್ತೀಯಾ? ಚೆಂದದ ಮನೆ ಕಾಣಬೇಕು ಕಣೋ, ನೋಡಿದವರು ಬಾಯಿ ಬಿಡಬೇಕು! ಚೆನ್ನಾಗಿರೋದನ್ನ ಮಾತ್ರ ತೆಗಿ!"

"ಹಂಗೇ ಆಗಲಿ ಕಣಣ್ಣಾ!"

ಮನೆಯೆಲ್ಲ ಹುಡುಕಿದ. ಚೆನ್ನಾಗಿರೋದು ಅಂತ ಏನೂ ಕಣ್ಣಿಗೆ ಬೀಳಲಿಲ್ಲ. ಬೀದಿಗೆ ಬಂದು ನೋಡಿದ. ಎದುರಿಗೇ ಇತ್ತು! ಹಲ್ಲಿನ ಡಾಕ್ಟರ ಹೊಸ ಮನೆ, ಸ್ಟೀಲ್ ಗೇಟು, ಮಾರ್ಬಲ್ ಮೆಟ್ಟಿಲು, ಬಾಲ್ಕನಿ ತುಂಬ ಹೂವಿನ ಕುಂಡ. ಒಂದಾದ ಮೇಲೊಂದು ಫೋಟೋ ತೆಗೆದ. ಲೋಕಪ್ಪನಿಗೆ ಕಳಿಸಿದ. ಲೋಕಪ್ಪ ಈ ಸಲ ನೋಡಿದ, ನೋಡಿ ನಕ್ಕ, ನಕ್ಕು ಹಾಗೇ ಹಾಕಿಬಿಟ್ಟ. ಜನ ಬಾಗಿಲಿಗೆ ಬರಲಿ ಸಾಕು, ಬಂದಮೇಲೆ ಮಾತಲ್ಲಿ ಹಿಡೀತೀನಿ ಅಂತ ಅವನ ಧೈರ್ಯ.

ಜನ ಬಂದರು. ದೂರದಿಂದ ಗಾಡಿ ಮಾಡ್ಕೊಂಡು ಒಂದು ಸಂಸಾರ ಬಂತು, ಬಸುರಿ ಹೆಂಗಸು, ನಡೆಯಲಾರದ ಮುದುಕ ಎಲ್ಲರೂ ಸೇರಿ. ಫೋಟೋ ನೋಡಿದರು, ಮನೆ ನೋಡಿದರು. ಆ ಮುದುಕ ಚಿತ್ತಮ್ಮನ ಮುಖಕ್ಕೇ ಕೈ ತೋರಿಸಿ, "ಈ ವಯಸ್ಸಲ್ಲಿ ಮೋಸ ಮಾಡ್ತೀಯಲ್ಲಮ್ಮ, ದೇವರು ಮೆಚ್ತಾನಾ?" ಅಂದ.

ಲೋಕಪ್ಪನ ಸುಳಿವಿಲ್ಲ. ಮಾತು ಕೇಳಿದ್ದು ಚಿತ್ತಮ್ಮ. ಯಾರಿಗೂ ಕೈ ಒಡ್ಡದೆ ಬದುಕಿದ ಹೆಂಗಸು, ಬೀದಿಯ ಜನರೆಲ್ಲ ನೋಡ್ತಾ ಇದ್ದಂತೆ ಅನ್ನಿಸಿಕೊಂಡಳು. ಒಳಗೆ ಹೋಗಿ ಸೆರಗು ಬಾಯಿಗಿಟ್ಟು ಅತ್ತಳು.

ಸಂಜೆ ಲೋಕಪ್ಪ ಬಂದು, "ಬಿಡಿ ಅಕ್ಕ, ನಾನೇ ಸರಿ ಮಾಡ್ತೀನಿ. ಬಿರುಕು ಅಳಿಸೋದು, ಅಂಗಳಕ್ಕೆ ಹಸಿರು ಹುಲ್ಲು ಹಾಕೋದು, ಎಲ್ಲ ಮೊಬೈಲಲ್ಲೇ ಆಗುತ್ತೆ" ಅಂದ. ನೋಡಿ, ಪೆದ್ದ ಮಾಡಿದರೆ ಮೋಸ, ಇವನು ಮಾಡಿದರೆ ವ್ಯಾಪಾರ! ನನಗೆ ಈ ಲೋಕಪ್ಪನಂಥೋರನ್ನ ಕಂಡರೆ ಮೈಯೆಲ್ಲ ಉರೀತದೆ.

"ಬೇಡಪ್ಪ" ಅಂದಳು ಚಿತ್ತಮ್ಮ. ಮಗನ ಕಡೆ ತಿರುಗಿದಳು. "ಮಗಾ, ಇದ್ದದ್ದನ್ನ ಇದ್ದ ಹಂಗೇ ತೆಗಿ. ಏನೂ ಮುಚ್ಚಬೇಡ, ಏನೂ ಸರಿಸಬೇಡ. ಬಂದೋರು ಬರಲಿ."

"ಹಂಗೇ ಆಗಲಿ ಕಣವ್ವಾ!"

ಬೆಳಿಗ್ಗೆ ಬೀದಿ ಆ ಕಡೆ ನಿಂತು ತೆಗೆದ. ಫೋಟೋದಲ್ಲಿ ಬಿರುಕು ಬಿತ್ತು, ಮಾಸಿದ ಸುಣ್ಣ ಬಿತ್ತು, ಹಳೇ ತೇಗದ ಬಾಗಿಲೂ ಬಿತ್ತು. ಜಗಲಿ ಮೇಲೆ ಚಿತ್ತಮ್ಮ ಮಂಡಿಗೆ ಎಣ್ಣೆ ಹಚ್ಚಿ ಬಟ್ಟೆ ಪಟ್ಟಿ ಸುತ್ತಿಕೊಂಡು ಕೂತಿದ್ದಳು, ಅವಳೂ ಬಿದ್ದಳು. ಸರಿಸಬೇಡ ಅಂದಿದ್ದಳಲ್ಲ, ಇವನು ಸರಿಸಲಿಲ್ಲ.

ಲೋಕಪ್ಪ ಗೊಣಗ್ತಾ ಹಾಕಿದ ಆ ಫೋಟೋ ನೋಡಿ ಓಬಳೇಶ ಅನ್ನೋ ಬಸ್ ಕಂಡಕ್ಟರು ಬಂದ. ಮನೆಯೆಲ್ಲ ತಿರುಗಿ ನೋಡಿದ. "ಅಮ್ಮ, ಎಷ್ಟೋ ಮನೆ ನೋಡಿ ಸಾಕಾಗಿದ್ದೆ. ಫೋಟೋದಾಗೆ ಅರಮನೆ, ಬಂದು ನೋಡಿದರೆ ಗುಡಿಸಲು. ನೀವು ಬಿರುಕೂ ತೋರಿಸಿದ್ರಿ. ನನಗೆ ಇದೇ ಮನೆ ಬೇಕು" ಅಂದ. ಮಾತು ಮುಗೀತು, ರಿಜಿಸ್ಟ್ರಿ ಆಯ್ತು. ಹಿರಿಯೂರಿನ ಮನೆಯೂ ಕುದುರಿತು. ಚಿತ್ತಮ್ಮ ಎಷ್ಟೋ ಕಾಲದ ಮೇಲೆ ಹೊಟ್ಟೆ ತುಂಬ ಉಂಡಳು.

ಹೊರಡೋ ಹಿಂದಿನ ದಿನ ಓಬಳೇಶ ಜುಂಜಣ್ಣನ್ನ ಕರೆದ. ಮನೆ ಮಾರಿದೋರು ಹೋಗುವಾಗ ಚಿಲಕ ಬಿಚ್ಚೋದು, ಬಲ್ಬು ಕಳಚೋದು, ಹೊಸ್ತಿಲ ಹಿತ್ತಾಳೆ ಪಟ್ಟಿ ಕಿತ್ಕೊಳ್ಳೋದು ನಮ್ಮ ಕಡೆ ಇದ್ದದ್ದೇ. ಅದಕ್ಕೇ ಹೇಳಿದ: "ನೋಡಪ್ಪ, ಫೋಟೋದಾಗೆ ಏನೇನು ಐತೋ ಅಷ್ಟೂ ಇಲ್ಲೇ ಇರಬೇಕು. ಒಂದೂ ಕದಲಬಾರದು. ಫೋಟೋದಾಗೆ ಇಲ್ಲದ್ದನ್ನೆಲ್ಲ ನೀವು ತಗೊಂಡು ಹೋಗಿ."

"ಹಂಗೇ ಆಗಲಿ ಕಣಣ್ಣಾ!"

ಬೆಳಿಗ್ಗೆ ಟೆಂಪೋ ಬಂತು. ಪಾತ್ರೆ, ಟ್ರಂಕು, ಹಾಸಿಗೆ ಎಲ್ಲ ಏರಿಸಿದ. ಚಿತ್ತಮ್ಮ ಹೊಸ್ತಿಲಿಗೆ ಕೈ ಮುಗಿದು ಡ್ರೈವರ್ ಪಕ್ಕ ಹತ್ತಿ ಕೂತಳು. ಜುಂಜಣ್ಣ ಫೋನ್ ತೆಗೆದು ಫೋಟೋ ನೋಡಿದ. ಮನೆ ನೋಡಿದ. ಮತ್ತೆ ಫೋಟೋ ನೋಡಿದ. ಅವನ ಮುಖ ಬಾಡಿತು.

ಅವ್ವನ್ನ ಎರಡೂ ಕೈಯಲ್ಲಿ ಎತ್ಕೊಂಡು ಇಳಿಸಿದ. ತಂದು ಜಗಲಿ ಮೇಲೆ ಕೂರಿಸಿದ, ಫೋಟೋದಾಗೆ ಹೆಂಗಿದ್ದಳೋ ಹಂಗೇ.

"ಏನೋ ಇದು! ಯಾಕೋ!"

"ನೀನು ಫೋಟೋದಾಗಿದ್ದೀಯ ಕಣವ್ವಾ, ಇಲ್ಲೇ ಇರಬೇಕು. ನಾನು ಫೋಟೋದಾಗಿಲ್ಲ, ಹೋಗಬೇಕು." ಹೇಳ್ತಾ ಹೇಳ್ತಾ ಗಳಗಳ ಅತ್ತ. "ಕದಲಬೇಡವ್ವಾ, ಮಾತು ಕೊಟ್ಟಿದ್ದೀನಿ."

ಅವನು ಹೋಗಿ ಟೆಂಪೋ ಹತ್ತಿದ. ಅವಳು ಕೂಗ್ತಾನೇ ಇದ್ದಳು. ಎದ್ದು ಓಡೋಣ ಅಂದರೆ ಮಂಡಿ ಏಳಲಿಲ್ಲ. ಡ್ರೈವರು, ಅಮ್ಮ ಬಸ್ಸಲ್ಲಿ ಬರ್ತಾರೇನೋ ಅಂದ್ಕೊಂಡು ಗಾಡಿ ಬಿಟ್ಟ.

ಹಿರಿಯೂರಲ್ಲಿ ಜುಂಜಣ್ಣ ಒಬ್ಬನೇ ಇಳಿದ. ಸಾಕಮ್ಮ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. "ಅಕ್ಕ ಎಲ್ಲೋ?"

"ಅವ್ವ ಮನೆ ಜೊತೆಗೇ ಹೋಯ್ತು ಚಿಕ್ಕವ್ವಾ" ಅಂದ. ಅವಳು ಎಷ್ಟು ಕರೆದರೂ ಒಳಗೆ ಬರಲಿಲ್ಲ. ತಟ್ಟೆಗೆ ಅನ್ನ ಹಾಕಿ ತಂದಿಟ್ಟಳು, ಮುಟ್ಟಲಿಲ್ಲ. ಬೀದಿ ನೋಡ್ತಾ ಕೂತ.

ಮಧ್ಯಾಹ್ನ ಕಳೆದ ಮೇಲೆ ಓಬಳೇಶ ಚಿತ್ತಮ್ಮನ್ನ ಕೈ ಹಿಡಿದು ನಡೆಸಿಕೊಂಡು ಬಂದ. ಅಳ್ತಾ ಕೂತಿದ್ದೋಳನ್ನ ತಾನೇ ಬಸ್ಸಿಗೆ ಹತ್ತಿಸಿ ಕರ್ಕೊಂಡು ಬಂದಿದ್ದ. ಚಿತ್ತಮ್ಮ ಮಗನ್ನ ನೋಡಿದಳು. ಬೈಯಲಿಲ್ಲ. ಬುದ್ಧಿ ಹೇಳೋಕೂ ಭಯ ಆಯ್ತು ಅವಳಿಗೆ, ಹೇಳಿದರೆ ಇನ್ನೇನು ಮಾಡ್ತಾನೋ ಅಂತ. ಸುಮ್ಮನೆ ತಬ್ಬಿಕೊಂಡಳು.

ಜುಂಜಣ್ಣ ಅವ್ವನ ಭುಜದ ಮೇಲಿಂದ ಓಬಳೇಶನನ್ನ ನೋಡಿದ, ಗಾಬರಿಯಿಂದ.

"ವಾಪಸ್ ಕೊಡ್ತಾ ಇದ್ದೀಯೇನಣ್ಣಾ? ಕಾಲು ನೋವೈತೆ ಅಂತ ಈಗ ಹೇಳಬೇಡ! ಪಟ್ಟಿ ಸುತ್ತಿದ್ದು ಫೋಟೋದಾಗೆ ಕಾಣ್ತಿತ್ತಲ್ಲ, ನಾನೇನೂ ಮುಚ್ಚಿರಲಿಲ್ಲ!"