ಕೂಗದೆ ಎತ್ತಿದ ಗುರಾಣಿ

‘ಗುರುಗಳೇ, ಗುರಾಣಿ ಎತ್ತಿದೆ ಎಂದು ಬಾಯಿಬಿಟ್ಟು ಹೇಳದವನಿಗೆ ಗುರಾಣಿಯ ರಕ್ಷಣೆ ಉಂಟೋ ಇಲ್ಲವೋ?’ ಎಂದು ಇಂಚರ ಕೇಳಿದಳು.

ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ವೀರರ ಮತ್ತು ರಾಕ್ಷಸರ ಕತೆಯನ್ನು ಬಾಯಲ್ಲೇ ಕಟ್ಟುತ್ತ ಆಡುವ ಆಟ ಅವರದು. ಆಟ ನಡೆಸುವವರ ಮಾತೇ ಅಲ್ಲಿ ಕೊನೆಯ ಮಾತು. ಆ ವಿದ್ಯೆಯನ್ನು ಇಂಚರ ಈ ಗುರುಗಳಿಂದಲೇ ಕಲಿಯುತ್ತಿದ್ದಳು.

ಹಿಂದಿನ ವಾರ ಆಟ ನಡೆಸಿದವಳು ಅವಳೇ. ಅವಳ ಬಾಲ್ಯದ ಗೆಳೆಯ ದಾನೇಶನ ವೀರ, ಗಾಯಗೊಂಡು ಬಿದ್ದಿದ್ದ ಜೊತೆಗಾರನನ್ನು ಉಳಿಸಲು ರಾಕ್ಷಸನ ಎದುರಿಗೆ ನುಗ್ಗಿ ಅಡ್ಡ ನಿಂತಿದ್ದ. ಆ ಭರದಲ್ಲಿ ‘ಗುರಾಣಿ ಎತ್ತಿದೆ’ ಎನ್ನುವುದನ್ನು ದಾನೇಶ ಮರೆತ. ಇಂಚರ ಗುರಾಣಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ವೀರ ಸತ್ತ. ದಾನೇಶ ವರ್ಷಗಟ್ಟಲೆ ಮುದ್ದಿನಿಂದ ಬೆಳೆಸಿದ್ದ ವೀರ ಅವನು. ದಾನೇಶ ಎದ್ದು ಹೋದವನು ಮತ್ತೆ ಬರಲಿಲ್ಲ. ಫೋನನ್ನೂ ಎತ್ತಲಿಲ್ಲ. ಅಂದಿನಿಂದ ಇಂಚರಳಿಗೆ ಊಟ ಸೇರುತ್ತಿರಲಿಲ್ಲ.

‘ವಾದ ಎದ್ದಾಗ ನಾನು ನಿಯಮದ ಪುಸ್ತಕವನ್ನೇ ಎತ್ತಿ ಹಿಡಿದು ತೋರಿಸಿದೆ. ಹೇಳದೆ ಎತ್ತಿದ ಗುರಾಣಿ ಎತ್ತಿದಂತಲ್ಲ ಅಂತ ಅದರಲ್ಲೇ ಇದೆ. ನನ್ನದೇನು ತಪ್ಪು?’ ಎಂದು ನಡೆದದ್ದನ್ನೆಲ್ಲ ಹೇಳಿ ಅವಳು ಕೇಳಿದಳು.

ಗುರುಗಳು ನಕ್ಕರು. ‘ಆ ಪುಸ್ತಕ ನಾನೂ ಓದಿದ್ದೇನೆ ತಾಯಿ. ಈಗ ಕತೆ ಕೇಳು’ ಎಂದು ಹೇಳತೊಡಗಿದರು.

ಕಣಿವೆಯಲ್ಲಿ ಒಂದು ಕೋಟೆ. ಅಲ್ಲಿಯ ಸೈನಿಕರಲ್ಲಿ ಒಂದು ಪದ್ಧತಿ ಇತ್ತು. ಗುರಾಣಿ ಎತ್ತುವವನು ‘ಎತ್ತಿದೆ!’ ಎಂದು ಕೂಗಬೇಕು. ಆ ಕಣಿವೆಯ ಮಂಜು ಬಹಳ ದಟ್ಟ. ಪಕ್ಕದವನ ಕೈ ಕಾಣುವುದಿಲ್ಲ, ದನಿ ಕೇಳುತ್ತದೆ. ಕೂಗು ಕೇಳಿದವನು ತನಗೆ ಮರೆಯುಂಟೆಂದು ತಿಳಿದು ಧೈರ್ಯವಾಗಿ ಹೆಜ್ಜೆ ಮುಂದಿಡುತ್ತಿದ್ದ. ಕೂಗು ಇದ್ದದ್ದು ಅದಕ್ಕೆ.

ಕಾಲ ಕಳೆದು ಕೋಟೆಗೆ ಹೊಸ ದಳಪತಿ ಬಂದ. ಬಯಲುಸೀಮೆಯವನು. ಅವನಿಗೆ ಕೂಗು ಗೊತ್ತಾಯಿತು, ಮಂಜು ಗೊತ್ತಾಗಲಿಲ್ಲ. ಬಂದವನೇ ಅಪ್ಪಣೆ ಹೊರಡಿಸಿದ. ಕೂಗದೆ ಗಾಯಗೊಂಡವನು ಗುರಾಣಿ ಎತ್ತಿರಲಿಲ್ಲ ಎಂದೇ ಅರ್ಥ. ಅಂಥವನಿಗೆ ಕೋಟೆಯ ವೈದ್ಯ ಮದ್ದು ಹಾಕಕೂಡದು. ಸೈನಿಕರು ಗಂಟಲು ಹರಿಯುವಂತೆ ಕೂಗತೊಡಗಿದರು. ಕೆಲವರು ಗುರಾಣಿ ಎತ್ತದೆಯೂ ಕೂಗಿದರು. ಕೋಟೆಯ ಶಿಸ್ತು ಕಂಡು ದಳಪತಿ ಹಿರಿಹಿರಿ ಹಿಗ್ಗಿದ.

ಮಂಜಿಲ್ಲದ ಒಂದು ದಿನ ಶತ್ರುಗಳು ಮೇಲೆ ಬಿದ್ದರು. ಕಾಳಗದ ನಡುವೆ ದಳಪತಿ ಕಾಲು ಜಾರಿ ನೆಲಕ್ಕೆ ಬಿದ್ದ. ದೂರದಲ್ಲಿದ್ದ ಸೈನಿಕನೊಬ್ಬ ಅದನ್ನು ಕಂಡು ಓಡಿ ಬಂದು ಅವನ ಮೇಲೆ ಗುರಾಣಿ ಹಿಡಿದ. ಕೂಗಲಿಲ್ಲ. ಓಡಿ ಬಂದವನಿಗೆ ಕೂಗಲು ಉಸಿರಿರಲಿಲ್ಲ. ಒಂದು ಬಾಣ ಗುರಾಣಿಗೆ ನಾಟಿತು. ಇನ್ನೊಂದು ಅವನ ತೋಳಿಗೆ ನಾಟಿತು. ಅದು ವಿಷದ ಬಾಣ.

ಶತ್ರುಗಳು ಓಡಿಹೋದರು. ಸೈನಿಕನನ್ನು ವೈದ್ಯನ ಬಳಿಗೆ ಹೊತ್ತು ತಂದರು. ತೋಳು ಆಗಲೇ ನೀಲಿಗಟ್ಟಿತ್ತು. ತಡಮಾಡಿದರೆ ಪ್ರಾಣಕ್ಕೇ ಸಂಚಕಾರ. ವೈದ್ಯ ಮದ್ದು ಅರೆಯುತ್ತಿರುವಾಗ ದಳಪತಿ ಬಂದು ಬಾಗಿಲಲ್ಲಿ ನಿಂತ. ‘ಇವನನ್ನು ಕಂಡರೆ ನನಗೂ ಮರುಕವಾಗುತ್ತದೆ. ಆದರೆ ಇವನು ಕೂಗಲಿಲ್ಲ. ಅಪ್ಪಣೆಯ ಪ್ರಕಾರ ಇವನು ಗುರಾಣಿ ಎತ್ತಿಲ್ಲ’ ಎಂದ.

ವೈದ್ಯ ಅರೆಯುವುದನ್ನು ನಿಲ್ಲಿಸಿದ. ಬಾಣ ಕೀಳುವ ಇಕ್ಕಳ ಹಿಡಿದು ದಳಪತಿಯ ಮುಂದೆ ಬಂದು ನಿಂತ.

‘ಅಂಗಿ ಬಿಚ್ಚಿ, ದಳಪತಿಗಳೇ’ ಎಂದ.

‘ಯಾಕೆ?’

‘ಇವನು ಗುರಾಣಿ ಎತ್ತಿಲ್ಲವಾದರೆ ಆ ಮೊದಲನೆಯ ಬಾಣ ನಿಮ್ಮ ಎದೆಯಲ್ಲಿರಬೇಕು. ಮೊದಲು ಅದನ್ನು ಕೀಳುತ್ತೇನೆ.’

ದಳಪತಿಯ ಕೈ ತಾನಾಗಿ ಎದೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಮೂಲೆಯಲ್ಲಿ ಒರಗಿಸಿದ್ದ ಗುರಾಣಿಯಲ್ಲಿ ಬಾಣ ಇನ್ನೂ ನಾಟಿಕೊಂಡೇ ಇತ್ತು. ದಳಪತಿ ಒಳಗೆ ಬಂದ. ತಾನೇ ಕೂತು ಆ ಸೈನಿಕನ ತೋಳು ಹಿಡಿದುಕೊಂಡ. ವೈದ್ಯ ಮದ್ದು ಹಾಕಿದ. ಸೈನಿಕ ಬದುಕಿದ.

ಮಾರನೆಯ ದಿನ ಒಬ್ಬ ಸೋಮಾರಿ ಕೈಗೆ ಬಟ್ಟೆ ಸುತ್ತಿಕೊಂಡು ಬಂದು, ತಾನೂ ಗುರಾಣಿ ಎತ್ತಿದ್ದೆ, ಕೂಗಲು ಉಸಿರಿರಲಿಲ್ಲ ಎಂದ. ದಳಪತಿ ಅವನ ಗುರಾಣಿಯನ್ನು ತರಿಸಿ ನೋಡಿದ. ಅದರ ಹಿಡಿಕೆಯಲ್ಲಿ ಜೇಡ ಬಲೆ ಕಟ್ಟಿತ್ತು. ಕೈಗೆ ಮದ್ದು ಹಾಕಿಸಿದ, ಆಮೇಲೆ ಕಾವಲಿಗೆ ನಿಲ್ಲಿಸಿ ಸಂಜೆಯವರೆಗೂ ಕೂಗಿಸಿದ.

ಗುರುಗಳು ಕತೆ ನಿಲ್ಲಿಸಿದರು. ಇಂಚರ ಸೋಲೊಪ್ಪಲಿಲ್ಲ.

‘ಹಾಗಾದರೆ ನಿಯಮ ಬೇಡವೇ ಗುರುಗಳೇ? ನಾಳೆ ಎಲ್ಲರೂ, ಉಸಿರಿರಲಿಲ್ಲ ಅಂತಾರೆ.’

‘ನಿಯಮ ಬೇಕು. ಆ ಕೋಟೆಯಲ್ಲಿ ಇವತ್ತಿಗೂ ಕೂಗುತ್ತಾರೆ’ ಎಂದರು ಗುರುಗಳು. ‘ದಾನೇಶನ ಗುರಾಣಿಯ ಮರೆಯಲ್ಲಿ ಒಬ್ಬ ಗಾಯಾಳು ಇದ್ದ. ನೀನು ಪುಸ್ತಕ ಎತ್ತಿ ಹಿಡಿದೆಯಲ್ಲ ತಾಯಿ, ಅದರ ಮರೆಯಲ್ಲಿ ಯಾರಿದ್ದರು?’

ಉತ್ತರ ಇಂಚರಳಿಗೆ ಗೊತ್ತಿತ್ತು. ಅವಳು ಎದ್ದು ದಾನೇಶನ ಮನೆಯ ಕಡೆ ಹೊರಟಳು.