ಅಂಬಿಗರ ಹೊನ್ನಿಯ ಕಣ್ಣುಬೇನೆ

ಹೊಳೆದಂಡೆಯ ಆಶ್ರಮವೊಂದರಲ್ಲಿ ತ್ರಿವಿಕ್ರಮನೆಂಬ ಶಿಷ್ಯ ವೈದ್ಯ ಕಲಿಯುತ್ತಿದ್ದ. ಆರು ವರ್ಷವಾಗಿತ್ತು. ಕಣ್ಣಿನ ಎಪ್ಪತ್ತಾರು ರೋಗಗಳ ಹೆಸರನ್ನು ಒಂದೇ ಉಸಿರಿಗೆ ಹೇಳುತ್ತಿದ್ದ. ಉಸಿರು ಕಟ್ಟುತ್ತಿದ್ದುದು ಕೇಳುವವರಿಗೆ.

ಈಚೆಗೆ ಅವನು ಒಂದು ಅಂಜನ ಅರೆದಿದ್ದ. ಅಳಲೆಕಾಯಿ, ಹಿಪ್ಪಲಿ, ಜೇನುತುಪ್ಪ, ಹನ್ನೆರಡು ದಿನದ ರಟ್ಟೆನೋವು. ಅದನ್ನು ಭರಣಿಯಲ್ಲಿ ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದ. ಯಾರಿಗಾದರೂ ಕಣ್ಣುಬೇನೆ ಬರಲಿ ಎಂದು ಬಾಯಿಬಿಟ್ಟು ಬೇಡಿಕೊಳ್ಳಲಿಲ್ಲ, ಅಷ್ಟೇ.

ಒಂದು ಬೆಳಗ್ಗೆ ಅಂಬಿಗರ ಕೆಂಪವ್ವ ಓಡಿಬಂದಳು.

"ಬುದ್ಧೀ, ನನ್ ಮಗಳು ಹೊನ್ನಿ ಕಣ್ಣೇ ಬಿಡ್ತಿಲ್ಲ. ಪಿಸುರು ಕಟ್ಟಿ ರೆಪ್ಪೆ ಅಂಟ್ಕೊಂಡ್ಬುಟ್ಟದೆ. ಕಣ್ಣು ಹೋಯ್ತು ಅಂತ ಒಂದೇ ಸಮ ಅಳ್ತದೆ. ಮುಟ್ಟಕ್ಕೂ ಬಿಡಾಕಿಲ್ಲ."

ಗುರುಗಳು ಶಿಷ್ಯನ ಕಡೆ ನೋಡಿದರು.

"ನೀನು ಮುಂದೆ ಹೋಗಿರು. ನಾನು ಹಿಂದೆಯೇ ಬರುತ್ತೇನೆ."

ತ್ರಿವಿಕ್ರಮ ಓಡಿದ ಓಟಕ್ಕೆ ಕೆಂಪವ್ವನೇ ಹಿಂದೆ ಬಿದ್ದಳು.

ಹೊನ್ನಿಗೆ ಐದು ವರ್ಷ. ಗುಡಿಸಲ ಮೂಲೆಯಲ್ಲಿ, ನೀರಿನ ಗುಡಾಣದ ಹಿಂದೆ ಮುದುರಿಕೊಂಡು ಕೂತಿದ್ದಳು.

"ಕೈಕಾಲು ಗಟ್ಟಿಯಾಗಿ ಹಿಡಿದುಕೊಳ್ಳಿ ತಾಯಿ," ಎಂದ ತ್ರಿವಿಕ್ರಮ.

ತಾಯಿ ಹಿಡಿದುಕೊಂಡಳು. ಅವನು ರೆಪ್ಪೆಗೆ ಬೆರಳು ಹಾಕಿದ. ಮಗು ಕಿಟಾರನೆ ಕಿರುಚಿತು. ಮರುಗಳಿಗೆಯಲ್ಲಿ ಕಿರುಚಿದವನು ತ್ರಿವಿಕ್ರಮ. ಅವನ ಹೆಬ್ಬೆರಳು ಹೊನ್ನಿಯ ಹಲ್ಲಿಗೆ ಸಿಕ್ಕಿತ್ತು.

"ಬುಟ್ಬುಡಿ ಬುದ್ಧೀ, ಮಗಾ ಹೆದರ್ಕೊಂಡದೆ," ಎಂದು ಕೆಂಪವ್ವನೂ ಅತ್ತಳು. ಹೊನ್ನಿ ತಡಕಾಡುತ್ತಾ ಮತ್ತೆ ಗುಡಾಣದ ಹಿಂದೆ ಸೇರಿಕೊಂಡಳು.

ಅಷ್ಟರಲ್ಲಿ ಗುರುಗಳು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದರು.

"ಏನಾಯಿತಯ್ಯಾ?"

"ಕಚ್ಚಿದಳು ಗುರುಗಳೇ. ಔಷಧ ಹಾಕಲು ಬಿಡುತ್ತಿಲ್ಲ."

"ಆ ಅಂಜನ ನಿನ್ನ ಕಣ್ಣಿಗೆ ಹಚ್ಚಿ ನೋಡಿದ್ದೀಯಾ?"

"ನನ್ನ ಕಣ್ಣಿಗೇನಾಗಿದೆ? ಚೆನ್ನಾಗಿಯೇ ಇದೆಯಲ್ಲ."

"ಹಾಗಾದರೆ ನಿನಗೆ ಕಡಿಮೆ ಉರಿಯುತ್ತದೆ. ಹಚ್ಚಿಕೋ."

ಗುರುವಿನ ಮಾತು. ಹಚ್ಚಿಕೊಂಡ.

ಎಪ್ಪತ್ತಾರು ಹೆಸರೂ ಒಟ್ಟಿಗೇ ಮರೆತುಹೋದವು. "ಅಯ್ಯಯ್ಯೋ!" ಎಂದು ಕಣ್ಣುಮುಚ್ಚಿ ನೆಲಕ್ಕೆ ಕುಸಿದು, ಗೋಡೆಗಾಗಿ ತಡಕಾಡಿದ.

ಗುಡಾಣದ ಹಿಂದಿನ ಅಳು ನಿಂತಿತು.

"ಅವ್ವಾ, ಯಾರದು ಅಳ್ತಿರೋದು?"

"ಔಷ್ದಿ ತಂದಿದ್ರಲ್ಲಾ, ಆ ಅಯ್ನೋರು ಕಣವ್ವ."

"ಅವ್ರ ಕಣ್ಣೂ ಹೋಯ್ತಾ?" ಎನ್ನುತ್ತಾ ಹೊನ್ನಿ ತಡಕಾಡಿಕೊಂಡು ಈಚೆ ಬಂದಳು.

ಗುರುಗಳು ಕೆಂಪವ್ವನಿಂದ ಹಳೆಯ ಹತ್ತಿಸೀರೆಯ ಚೂರುಗಳನ್ನು ತೆಗೆದುಕೊಂಡು ನೀರಿನಲ್ಲಿ ಕುದಿಸಿದರು. ನೀರು ಉಗುರುಬೆಚ್ಚಗಾಗುವವರೆಗೆ ಕಾದರು. ಹೊನ್ನಿಯ ಕೈಗಳನ್ನು ತಾವೇ ಎರಡು ಸಲ ತೊಳೆದು, ಒಂದು ಚೂರನ್ನು ಅದ್ದಿ ಹಿಂಡಿ ಅವಳ ಕೈಗಿಟ್ಟರು.

"ಈ ಅಣ್ಣನ ಕಣ್ಣು ಒರೆಸ್ತೀಯೇನವ್ವಾ?"

ಹೊನ್ನಿ ಅವನ ಹಣೆ ಮುಟ್ಟಿದಳು, ಮೂಗು ಮುಟ್ಟಿದಳು. ಬಟ್ಟೆಯನ್ನು ಮೆತ್ತಗೆ ರೆಪ್ಪೆಯ ಮೇಲಿಟ್ಟಳು. ತ್ರಿವಿಕ್ರಮ ಬೆಚ್ಚಿಬಿದ್ದ. ಅವಳು ತಟ್ಟನೆ ಕೈ ತೆಗೆದಳು.

"ನೋವಾಯ್ತಾ?"

"ಸ್ವಲ್ಪ."

"ಹಂಗಾರೆ ನೀನು ಹೇಳ್ದಾಗ ಒರೆಸ್ತೀನಿ."

ಅವಳು ಕಾಯುತ್ತಾ ಕೂತಳು. ತ್ರಿವಿಕ್ರಮನಿಗೆ ಬಹಳ ನಾಚಿಕೆಯಾಯಿತು. ಈ ಮಗುವನ್ನು ತಾನು ಒಂದು ಮಾತೂ ಕೇಳಿರಲಿಲ್ಲ.

"ಈಗ ಒರೆಸವ್ವಾ," ಎಂದ.

ಉರಿ ಇಳಿದ ಮೇಲೆ ಅವನು ಕೈ ತೊಳೆದುಕೊಂಡು ಹೊಸ ಚೂರು ತೆಗೆದುಕೊಂಡ.

"ಹೊನ್ನವ್ವಾ, ಈಗ ನಿನ್ನ ಕಣ್ಣು ಒರೆಸಲಾ?"

"ನಾನು ಸಾಕು ಅಂದ್ರೆ?"

"ನಿಲ್ಲಿಸ್ತೀನಿ."

ಹೊನ್ನಿ ಏಳು ಸಲ ಸಾಕು ಎಂದಳು. ಮೊದಲ ಮೂರು ಸಲ ಬರೀ ಪರೀಕ್ಷೆಗೆ. ಅವನು ಏಳು ಸಲವೂ ನಿಲ್ಲಿಸಿದ. ಪಿಸುರು ನೆನೆಯುವವರೆಗೆ ಬಟ್ಟೆಯನ್ನು ಸುಮ್ಮನೆ ಒತ್ತಿ ಹಿಡಿದ. ಆಮೇಲೆ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒರೆಸಿದ, ಒಂದು ಕಣ್ಣಿನ ಬಟ್ಟೆ ಇನ್ನೊಂದಕ್ಕೆ ತಾಕದ ಹಾಗೆ.

ಬಲಗಣ್ಣು ಮೊದಲು ಬಿಟ್ಟಿತು. ಕೆಂಪಗಿತ್ತು, ಆದರೂ ಬಿಟ್ಟಿತು.

"ಅವ್ವಾ, ನೀನು ಕಾಣ್ತೀಯ!"

ಕೆಂಪವ್ವ ಮಗಳನ್ನು ಬಾಚಿ ತಬ್ಬಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟಳು.

ಗುರುಗಳು ಅವಳಿಗೆ ಹೇಳಿದರು: "ಬೆಳಗ್ಗೆ ಸಂಜೆ ಹೀಗೇ ಮಾಡು. ಪ್ರತಿ ಸಲವೂ ಕುದಿಸಿದ ಬಟ್ಟೆ, ತೊಳೆದ ಕೈ. ಅವಳು ಒರೆಸಿಕೊಂಡಿದ್ದನ್ನು ಬೇರೆಯವರು ಮುಟ್ಟಬಾರದು. ಬೆಳಕು ನೋಡಿದರೆ ನೋವು ಅಂದರೆ, ಮಂಜು ಮಂಜು ಅಂದರೆ, ಒಂದು ಗಳಿಗೆಯೂ ತಡೆಯದೆ ಕರೆದುಕೊಂಡು ಬಾ."

ಗುರುಶಿಷ್ಯರು ಹೊಳೆಯ ಪಕ್ಕದ ಕಾಲುದಾರಿ ಹಿಡಿದು ಹೊರಟರು. ತ್ರಿವಿಕ್ರಮನ ಎಡಗಣ್ಣಿನಲ್ಲಿ ಇನ್ನೂ ನೀರು ಸುರಿಯುತ್ತಿತ್ತು.

"ಗುರುಗಳೇ, ಆ ನೀರಿಗೆ ಏನು ಬೆರೆಸಿದ್ದಿರಿ?"

"ಏನೂ ಇಲ್ಲ."

ಅವನು ಸೊಂಟದ ಭರಣಿ ತೆಗೆದು ಮುಚ್ಚಳ ಬಿಚ್ಚಿದ.

"ಇದನ್ನು ಹೊಳೆಗೆ ಚೆಲ್ಲಿಬಿಡಲೇ?"

"ಬೇಡಪ್ಪಾ," ಎಂದರು ಗುರುಗಳು. "ಮೀನಿಗೂ ಕಣ್ಣಿದೆ."