ಗಂಜಿಗೆ ಉಪ್ಪು

ಹೊಳೆ ದಂಡೆಯ ಆಸ್ಪತ್ರೆಯಲ್ಲಿ ಮಹಾಂತಪ್ಪ ಅಂತ ಹಿರಿಯ ಡಾಕ್ಟರು. ಕೈ ನಡುಗಲು ಹತ್ತಿದ ಮೇಲೆ ಆಪರೇಶನ್ ಮಾಡುವುದು ಬಿಟ್ಟಿದ್ದರು. ಅವರ ಶಿಷ್ಯ ವಿರೂಪಾಕ್ಷ ದೂರ ಹೋಗಿ ಹೊಸ ವಿದ್ಯೆ ಕಲಿತು ಬಂದಿದ್ದ.

ಕ್ಯಾನ್ಸರ್ ಜಠರ ದಾಟಿ ಹೊಟ್ಟೆಯ ಒಳಪದರಕ್ಕೆ ಹಬ್ಬಿದರೆ, ಮೊದಲೆಲ್ಲ ಕೊಯ್ದು ನೋಡಿ, ಹಾಗೇ ಹೊಲಿದು, ಮನೆಗೆ ಕಳಿಸುತ್ತಿದ್ದರು.

ಮಾಬುಬಿ ಎಂಬಾಕೆಯನ್ನು ವಿರೂಪಾಕ್ಷ ಹಾಗೆ ಕಳಿಸಲಿಲ್ಲ. ಮೊದಲು ಔಷಧಿ ಕೊಟ್ಟು ಗಡ್ಡೆ ಕುಗ್ಗಿಸಿದ. ಆಮೇಲೆ ಜಠರ ಪೂರಾ ತೆಗೆದ. ಕೆಟ್ಟ ಪದರ ಸುಲಿದ. ಬಿಸಿ ಔಷಧಿಯಿಂದ ಒಳಗೆಲ್ಲ ತೊಳೆದ. ಕರುಳನ್ನೇ ಮೇಲೆತ್ತಿ ಅನ್ನನಾಳಕ್ಕೆ ಜೋಡಿಸಿದ. ಬೆಳಿಗ್ಗೆ ಒಳಗೆ ಹೋದವನು ದೀಪ ಹಚ್ಚುವ ಹೊತ್ತಿಗೆ ಹೊರಗೆ ಬಂದ.

ಹೊಲಿಗೆ ಕೂಡಿತು. ಜ್ವರ ಬರಲಿಲ್ಲ.

ಆದರೆ ಮಾಬುಬಿ ಉಣ್ಣಲಿಲ್ಲ. ದಿನದಿನಕ್ಕೆ ಸೊರಗಿದಳು.

“ಉಣ್ಣಬೇಕವ್ವ. ಇಲ್ಲಾಂದ್ರ ಮಾಡಿದ್ದೆಲ್ಲ ಹಾಳಾಗ್ತದ. ಜೀವ ಉಳಿಯೂದಿಲ್ಲ.”

“ಹಸಿವೇ ಇಲ್ರಿ ಸಾಹೇಬ್ರ.”

ವಿರೂಪಾಕ್ಷ ಗುರುಗಳ ಕೋಣೆಗೆ ಹೋದ.

“ದಾರಿ ಸರಿ ಐತ್ರಿ. ಗಂಜಿ ಸಲೀಸು ಇಳೀತದ. ಆದ್ರ ಜಠರ ಇಲ್ಲದವರಿಗೆ ಹಸಿವು ಸರಿಯಾಗಿ ಹುಟ್ಟೂದಿಲ್ಲ. ಗಡಿಯಾರ ನೋಡಿ ಉಣ್ಣು ಅಂದೆ. ಬಾಯೇ ತೆರೀವಲ್ಲಳು.”

“ಆಕಿ ಗಂಡ ಎಲ್ಲಿ?”

“ದಸ್ತಗೀರನ? ಹೊರಗ, ಬೇವಿನ ಗಿಡದ ಕೆಳಗ. ಅಲ್ಲೇ ಉಣ್ಣು ಅಂದೀನ್ರಿ. ಉಣ್ಣಲಾರದಾಕಿ ಮುಂದ ಕುಂತು ಉಣ್ಣೂದು ಚಲೋ ಅಲ್ಲ ಅಂತ.”

“ಕೆಲಸ ಏನು ಅವಂದು?”

“ಪಾತ್ರೆಗೆ ಕಲಾಯಿ ಹಾಕ್ತಾನ್ರಿ. ಗಂಡ ಹೆಂಡ್ತಿ ಇಬ್ರೂ ಊರೂರು ತಿರುಗ್ತಾರ.”

“ಊರೂರು ತಿರುಗೋರ ಗಂಟಿನ್ಯಾಗ ಉಣ್ಣೂ ತಟ್ಟಿ ಎಷ್ಟಿರ್ತಾವ?”

“ಒಂದ ಇರಬೇಕ್ರಿ,” ಅಂದ ವಿರೂಪಾಕ್ಷ.

ಗುರು ಎದ್ದರು. ಅಡಿಗೆಮನೆಯಿಂದ ಒಂದು ತಟ್ಟೆ ಗಂಜಿ ತಂದರು. ನಡುಗುವ ಕೈ. ಅಂಗಿಯ ಮೇಲೆ ಒಂದಿಷ್ಟು ಚೆಲ್ಲಿತು. ದಸ್ತಗೀರನನ್ನು ಒಳಗೆ ಕರೆದು ಹೆಂಡತಿಯ ಮಂಚದ ಮೇಲೆ ಕೂರಿಸಿ, ತಟ್ಟೆ ಅವನ ಕೈಗಿಟ್ಟರು.

“ಉಣ್ಣಪಾ.”

ದಸ್ತಗೀರ ವಿರೂಪಾಕ್ಷನ ಮುಖ ನೋಡಿದ. ಹೆದರುತ್ತಲೇ ಒಂದು ಚಮಚ ಬಾಯಿಗಿಟ್ಟ. ಮುಖ ಕಿವುಚಿದ.

“ಏನಾತು?” ಅಂದಳು ಮಾಬುಬಿ.

“ಉಪ್ಪಿಲ್ಲ.”

“ಕೊಡ್ರಿ ಇಲ್ಲಿ.”

ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು.

“ಐತಲ್ಲ! ನಾಲಗಿ ಎಲ್ಲಿ ಒತ್ತೆ ಇಟ್ಟು ಬಂದೀರಿ?”

“ಆ ಕಡೆ ಐತಿ. ಈ ಕಡೆ ಇಲ್ಲ. ಬೇಕಾರ ನೋಡು.”

ಈ ಸಲ ಚಮಚ ಇಸಿದುಕೊಂಡಳು.

“ಇಲ್ಲೂ ಐತಿ.”

“ನಡುವ?”

ನಡುವೆಯೂ ನೋಡಿದಳು. ನೋಡುತ್ತ ನಕ್ಕಳು. ತಟ್ಟೆ ಮಂಚದ ಮೇಲೆ ಇಬ್ಬರ ನಡುವೆ ಕೂತಿತು.

ಗುರು ಸದ್ದಿಲ್ಲದೆ ಹೊರಗೆ ಬಂದರು. ವಿರೂಪಾಕ್ಷ ಬೆನ್ನ ಹಿಂದೆಯೇ ಬಂದ.

“ಗುರುಗಳ, ಹಸಿವು ಹುಟ್ಟೂ ಹೊಟ್ಟೀನ ನಾನೇ ಕೈಯಾರೆ ತಗದೀನಿ. ಮತ್ತ ಹ್ಯಾಂಗ ಉಂಡಳು?”

ಗುರು ಅಂಗಿಯ ಮೇಲಿನ ಗಂಜಿ ಒರೆಸಿಕೊಂಡರು.

“ನೀ ತಗದಿದ್ದು ಒಂದು. ಇನ್ನೊಂದನ್ನ ಬೇವಿನ ಗಿಡದ ಕೆಳಗ ಕುಂಡ್ರಿಸಿದ್ದಿ.”